ಕಪ್ಪು ಕೋಟಿನ ಮೇಲೆ ಬಿಳಿ ಕೂದಲು

ಕತ್ತರಿಯಣ್ಣ ಹಲ್ಲಿನ ಡಾಕ್ಟರಿಗೆ ಹೆದರುತ್ತಿದ್ದ, ಜಿರಲೆಗೆ ಹೆದರುತ್ತಿದ್ದ, ಹೆಂಡತಿ ಮಾತು ನಿಲ್ಲಿಸಿದರಂತೂ ಕೈಕಾಲು ಬಿಡುತ್ತಿದ್ದ. ಕೂದಲಿಗೆ ಮಾತ್ರ ಅವನು ಹೆದರಿದವನಲ್ಲ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ, ಎರಡು ಕುರ್ಚಿಯ ಕಟಿಂಗ್ ಶಾಪ್ ಅವನದು. ಒಂದು ಕುರ್ಚಿ ಗಿರಾಕಿಗೆ. ಇನ್ನೊಂದು ಬೋಳು ಮೇಷ್ಟ್ರಿಗೆ. ಈ ಮೇಷ್ಟ್ರು ನಿವೃತ್ತರಾದ ದಿನದಿಂದ ಪತ್ರಿಕೆ ಓದಲು ಅಲ್ಲಿಗೇ ಬರುತ್ತಿದ್ದರು. ತಲೆಯ ಮೇಲೆ ಕತ್ತರಿಸುವಂಥದ್ದೇನೂ ಇಲ್ಲದಿದ್ದರೂ ತಿಂಗಳಿಗೊಮ್ಮೆ ಶಿಸ್ತಾಗಿ ಕುರ್ಚಿಗೆ ಕೂತು, "ಸ್ವಲ್ಪ ಸೈಡಲ್ಲಿ ನೋಡಯ್ಯ" ಎನ್ನುತ್ತಿದ್ದರು. ಕತ್ತರಿಯಣ್ಣ ಅಷ್ಟೇ ಶಿಸ್ತಾಗಿ ಕಿವಿಯ ಪಕ್ಕದಲ್ಲಿ ಒಂದಷ್ಟು ಹೊತ್ತು ಗಾಳಿಯನ್ನು ಕತ್ತರಿಸುತ್ತಿದ್ದ.

ಒಳಗೆ ಬಂದವನ ತಲೆ ನೋಡಿದರೆ ಸಾಕು, ಅವನು ಯಾವ ದಿಂಬಿನ ಮೇಲೆ ಮಲಗುತ್ತಾನೆ, ಯಾವ ಸೋಪು ಹಚ್ಚುತ್ತಾನೆ, ಮನೆಯಲ್ಲಿ ಜಗಳವಾಡಿ ಬಂದಿದ್ದಾನೋ ಇಲ್ಲವೋ ಎಲ್ಲ ಹೇಳಿಬಿಡುತ್ತೇನೆ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ. ಅರ್ಧಕ್ಕರ್ಧ ಸರಿಯೂ ಇರುತ್ತಿತ್ತು. ಉಳಿದರ್ಧವನ್ನು ಅವನು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದನೆಂದರೆ, ಮನೆಯಲ್ಲಿ ಜಗಳವಾಡದೆ ಬಂದವನಿಗೂ ತಾನು ಆಡಿರಬಹುದು ಎನಿಸುತ್ತಿತ್ತು.

ಇಂಥ ಕತ್ತರಿಯಣ್ಣನಿಗೆ ನೀರು ಕುಡಿಸಿದ್ದು ಒಂದು ನಾಯಿ.

ನಾಯಿಯನ್ನು ಮನೆಗೆ ತಂದವಳು ಅವನ ಹೆಂಡತಿ. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಕಿಟಕಿಗೆ ಅಂಟಿಕೊಂಡು ಹೊಲಿಗೆ ಯಂತ್ರ, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಗೂಟಗಳಲ್ಲಿ ಅರ್ಧ ಹೊಲಿದ ಅಂಗಿಗಳು. ಒಳಪದರಕ್ಕೆ ಅಸ್ತರಿನ ಬಟ್ಟೆ ತರಲೆಂದು ಹೋದವಳು ಒಂದು ಸಂಜೆ ಬಟ್ಟೆಯ ಚೀಲದಲ್ಲಿ ಬೆಳ್ಳಗಿನ ಮರಿಯೊಂದನ್ನು ಇಟ್ಟುಕೊಂಡು ಬಂದಳು. ಅಂಗಡಿಯ ಹೊರಗೆ ಚಿಂದಿ ತುಂಬಿದ ಪೆಟ್ಟಿಗೆಯಲ್ಲಿ ಅದು ಮಲಗಿತ್ತಂತೆ. "ಚಿಂದಿ ಅಂದ್ಕೊಂಡು ಕೈ ಹಾಕಿದೆ, ನೆಕ್ಕಿತು," ಎಂದಳು. ಅಷ್ಟೇ ವಿವರಣೆ. ಹತ್ತಿಯ ಉಂಡೆಯ ಹಾಗಿದ್ದ ಅದಕ್ಕೆ ಹತ್ತಿ ಎಂದೇ ಹೆಸರಾಯಿತು.

ಹತ್ತಿ ಬೆಳೆದು ದೊಡ್ಡದಾಯಿತು, ಅದರ ಜೊತೆ ಕೂದಲೂ ಬೆಳೆಯಿತು. ವರ್ಷದ ಬಹುಪಾಲು ಅದು ಸಭ್ಯ ನಾಯಿ. ಬಿಸಿಲು ಏರತೊಡಗಿದಾಗ ಒಮ್ಮೆ, ಚಳಿ ಕಾಲಿಡುವ ಮುಂಚೆ ಇನ್ನೊಮ್ಮೆ, ಯಾರೋ ದಿಂಬು ಹರಿದು ಕೊಡವಿದ ಹಾಗೆ ಉದುರಿಸುತ್ತಿತ್ತು. ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ, ಚಹದ ಲೋಟದಲ್ಲಿ, ಒಗೆದು ಮಡಚಿಟ್ಟ ಬಟ್ಟೆಯ ಮಡಿಕೆಯೊಳಗೆ ಬಿಳಿ ಕೂದಲು. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಅಂಗಡಿಗೆ ಬಂದ ಗಿರಾಕಿಗಳು ಕತ್ತರಿಯಣ್ಣನ ತೋಳಿನ ಮೇಲೆ ಅಂಟಿದ್ದನ್ನು ನೋಡಿ, "ಏನಣ್ಣ, ಮನೇಲೂ ಅಂಗಡಿ ತೆಗೆದ್ಯಾ?" ಎಂದು ಕೇಳತೊಡಗಿದರು. ಊರ ಕೂದಲನ್ನೆಲ್ಲ ಹದ್ದುಬಸ್ತಿನಲ್ಲಿಟ್ಟವನಿಗೆ ಸ್ವಂತ ಮನೆಯ ನಾಯಿ ಬಗ್ಗದಿದ್ದರೆ ಮರ್ಯಾದೆಯ ಪ್ರಶ್ನೆ ತಾನೇ?

ಅದಕ್ಕೇ ಹೋದ ಬೇಸಿಗೆಯಲ್ಲಿ ಅವನು ಆ ಘನಕಾರ್ಯ ಮಾಡಿದ್ದು. ಅಂಗಡಿಗೆ ರಜೆಯಿದ್ದ ದಿನ, ಹೆಂಡತಿ ಗುಂಡಿ ತರಲು ಪೇಟೆಗೆ ಹೋಗಿದ್ದಾಗ, ಕಟಿಂಗ್ ಮೆಷಿನ್ ಮನೆಗೆ ತಂದು ಏಪ್ರನ್ ಕಟ್ಟಿಕೊಂಡ. ಅವನ ತರ್ಕ ಬಹಳ ಸರಳವಾಗಿತ್ತು: ಮೈಮೇಲೆ ಕೂದಲೇ ಇಲ್ಲದಿದ್ದರೆ ಉದುರುವುದೇನು? ಹತ್ತಿ ಪಾಪ, ಯಜಮಾನ ಏನೋ ಹೊಸ ಆಟ ಆಡುತ್ತಿದ್ದಾನೆ ಎಂದುಕೊಂಡು ಬಾಲವಾಡಿಸುತ್ತ ನಿಂತಿತ್ತು. ಕತ್ತರಿಯಣ್ಣ ಕುತ್ತಿಗೆಯಿಂದ ಬಾಲದ ಬುಡದವರೆಗೆ, ಎಡವಟ್ಟು ಎಲ್ಲೂ ಆಗದಂತೆ, ಮದುವಣಿಗನಿಗೆ ಮಾಡುವಷ್ಟು ಅಚ್ಚುಕಟ್ಟಾಗಿ ಕತ್ತರಿಸಿದ. ಕೆಲಸದಲ್ಲಿ ಕುಂದು ಹೇಳುವ ಹಾಗಿರಲಿಲ್ಲ. ಕುಂದು ಇದ್ದದ್ದು ಆಲೋಚನೆಯಲ್ಲಿ.

ಹೆಂಡತಿ ಬಾಗಿಲು ತೆರೆದಾಗ ಸಿಪ್ಪೆ ಸುಲಿದ ಕಡಲೆಬೀಜದಂಥದ್ದೊಂದು ಪ್ರಾಣಿ ಅವಳನ್ನು ನೋಡಿ, ನಾಚಿಕೆಯಿಂದ ಮಂಚದ ಕೆಳಗೆ ನುಗ್ಗಿತು. ಅವಳು ಕೈಲಿದ್ದ ಗುಂಡಿಗಳ ಪೊಟ್ಟಣವನ್ನು ಅಲ್ಲೇ ಬೀಳಿಸಿದಳು.

"ಏನ್ರೀ ಮಾಡಿದ್ರಿ ಇದಕ್ಕೆ?"

"ಬೇಸಿಗೆ ಕಟಿಂಗ್," ಎಂದ ಕತ್ತರಿಯಣ್ಣ. "ಇನ್ನು ನೋಡು, ಒಂದು ಕೂದಲು ಬಿದ್ರೆ ಕೇಳು."

ಬಿದ್ದವು. ಉದ್ದ ಕೂದಲಾಗಿದ್ದರೆ ಕೈಯಲ್ಲಿ ಹಿಡಿದು ಎಳೆಯಬಹುದಿತ್ತು. ಇವು ಸೂಜಿಯ ಮೊನೆಯಂಥ ಚೂರುಗಳು. ಚಾಪೆಗೆ, ಹೊದಿಕೆಗೆ, ಕಾಲ್ಚೀಲಕ್ಕೆ ಚುಚ್ಚಿಕೊಂಡು ಕೂತವು. ಆಗ ಹೆಂಡತಿ ಆಸ್ಪತ್ರೆಯ ಸಿಬ್ಬಂದಿಗೆ ಬಿಳಿ ಕೋಟು ಹೊಲಿಯುತ್ತಿದ್ದಳು. ಬಿಳಿಯ ಮೇಲೆ ಬಿಳಿ ಕಣ್ಣಿಗೆ ಕಾಣಲಿಲ್ಲ, ಆದರೆ ತೊಟ್ಟವರೆಲ್ಲ ಕಟಿಂಗ್ ಮಾಡಿಸಿಕೊಂಡು ಸ್ನಾನ ಮಾಡದವರ ಹಾಗೆ ಕುತ್ತಿಗೆ ಕೆರೆದುಕೊಂಡರು. ಅದೂ ಸಾಲದೆಂಬಂತೆ ಬಿಸಿಲಿಗೆ ಹತ್ತಿಯ ಬೆನ್ನು ಕೆಂಪಾಯಿತು. ಪಶುವೈದ್ಯೆಯ ಬಳಿಗೆ ಕರೆದುಕೊಂಡು ಹೋದಾಗ ಆಕೆ ನಾಯಿಯನ್ನು ನೋಡಿ, ಆಮೇಲೆ ಕತ್ತರಿಯಣ್ಣನ ಜೇಬಿನಲ್ಲಿ ಇಣುಕುತ್ತಿದ್ದ ಬಾಚಣಿಗೆಯನ್ನು ನೋಡಿ, ವಿಷಯ ಏನೆಂದು ತಿಳಿದುಕೊಂಡಳು.

"ಇದಕ್ಕೆ ಎರಡು ಪದರ ಇದೆ ಕಣ್ರೀ. ಮೇಲಿಂದು ಕೊಡೆ, ಒಳಗಿಂದು ಕಂಬಳಿ. ಕಾಲ ಬಂದಾಗ ಕಂಬಳೀನ ಅದೇ ಬಿಚ್ಚಿ ಹಾಕತ್ತೆ. ನೀವು ಕೊಡೆನೂ ಕಿತ್ಕೊಂಡ್ರೆ ಬಿಸಿಲಿಗೆ ಏನು ಮಾಡ್ಬೇಕು? ಬಾಚಿ, ಬೋಳಿಸಬೇಡಿ."

"ಅದೇ ನಾನೂ ಅಂದ್ಕೊಂಡೆ," ಎಂದ ಕತ್ತರಿಯಣ್ಣ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಹತ್ತಿಗೆ ಕೂದಲು ಮತ್ತೆ ಬಂದು, ಮಳೆ, ಚಳಿ ಕಳೆಯುವ ಹೊತ್ತಿಗೆ ಅದು ಮೊದಲಿನ ಹತ್ತಿಯೇ ಆಯಿತು. ಅಷ್ಟರಲ್ಲಿ ಮನೆಯಲ್ಲಿ ಒಂದು ದೊಡ್ಡ ಸಂಗತಿ ನಡೆದಿತ್ತು. ನ್ಯಾಯಾಲಯದ ಎದುರಿಗಿದ್ದ ಬಟ್ಟೆ ಅಂಗಡಿಯ ಯಜಮಾನಿ ವಕೀಲರ ಕಪ್ಪು ಕೋಟುಗಳನ್ನು ಹೊಲಿಯುವ ಕೆಲಸವನ್ನು ನೇರವಾಗಿ ಅವನ ಹೆಂಡತಿಗೇ ಒಪ್ಪಿಸಿದ್ದಳು. ಅಲ್ಲಿಯವರೆಗೆ ಅವಳು ಹೊಲಿದದ್ದೆಲ್ಲ ಬೇರೆಯವರ ಹೆಸರಿನಲ್ಲಿ ಹೋಗುತ್ತಿತ್ತು. ಈಗ ಕಾಲರಿನ ಒಳಗೆ ಅವಳದೇ ಗುರುತು: ಸೂಜಿಯ ಚಿತ್ರವಿದ್ದ, ಹೆಬ್ಬೆರಳಗಲದ ಒಂದು ಪಟ್ಟಿ. ಮೊದಲ ಪಟ್ಟಿಯನ್ನು ಹೊಲಿದ ದಿನ ಅವಳು ಅದನ್ನು ಮತ್ತೆ ಮತ್ತೆ ಬೆರಳಿನಿಂದ ಸವರಿದ್ದನ್ನು ಕತ್ತರಿಯಣ್ಣ ಬಾಗಿಲ ಮರೆಯಿಂದ ನೋಡಿದ್ದ. ನೋಡಿ, ತಾನೇ ಗೆದ್ದವನ ಹಾಗೆ ಅಂಗಡಿಗೆ ಹೋಗಿ ಮೇಷ್ಟ್ರಿಗೆ ಚಹ ಕೊಡಿಸಿದ್ದ.

ಬಿಸಿಲು ಏರಿತು. ಹತ್ತಿ ಕಂಬಳಿ ಬಿಚ್ಚತೊಡಗಿತು.

ಮೊದಲ ಕಂತಿನ ಕೋಟುಗಳಲ್ಲಿ ಒಂದು ವಾಪಸ್ ಬಂತು. ಯಜಮಾನಿಯೇ ತಂದಿದ್ದಳು. ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ಕಾಲರನ್ನು ಮಗುಚಿದಳು. ಸೂಜಿಯ ಚಿತ್ರದ ಪಕ್ಕದಲ್ಲೇ, ಹೊಲಿಗೆಯೊಳಗೆ ಸಿಕ್ಕಿಕೊಂಡು, ಬಿಳಿ ಕೂದಲಿನ ಒಂದು ಕುಚ್ಚು.

"ನಿಮ್ಮ ಹೊಲಿಗೆಗೆ ಹೆಸರಿಡೋ ಹಾಗಿಲ್ಲಮ್ಮ," ಎಂದಳು ಯಜಮಾನಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿದ್ದು. "ಆದರೆ ವಕೀಲರು ವಾದ ಮಾಡೋದು ಬಿಟ್ಟು ಮೈಮೇಲಿನ ಕೂದಲು ಹೆಕ್ತಾ ನಿಂತ್ರೆ ಕಕ್ಷಿದಾರನ ಗತಿ ಏನು? ಇನ್ನೊಂದು ಸಲ ಹೀಗಾದ್ರೆ ನಾನು ಬೇರೆಯವರನ್ನ ನೋಡ್ಬೇಕಾಗತ್ತೆ."

ಅವಳು ಹೋದ ಮೇಲೆ ಹೆಂಡತಿ ಮಾತು ನಿಲ್ಲಿಸಿದಳು. ಕತ್ತರಿಯಣ್ಣ ಊಟಕ್ಕೆ ಬಂದ, ಮಾತಿಲ್ಲ. ಚಹ ಕೇಳಿದ, ಚಹ ಬಂತು, ಮಾತು ಬರಲಿಲ್ಲ. ಸಂಜೆ ಯಂತ್ರದ ಸದ್ದು ಕೇಳಿ, ಸದ್ಯ ಕೆಲಸಕ್ಕಾದರೂ ಕೂತಳಲ್ಲ ಎಂದು ಮುಂದಿನ ಕೋಣೆಗೆ ಹೋದರೆ, ಅವಳು ಬಟ್ಟೆಯೇ ಇಲ್ಲದೆ ಯಂತ್ರ ತುಳಿಯುತ್ತಿದ್ದಳು. ಕಾಲ ಬಳಿ ಹತ್ತಿ ಮಲಗಿತ್ತು.

"ಅಕ್ಕನಿಗೆ ಫೋನ್ ಮಾಡಿದೆ," ಎಂದಳು ತಿರುಗದೆ. ಅವಳ ಅಕ್ಕನಿಗೆ ಊರ ಹೊರಗೆ ಮರದ ಡಿಪೋ ಇತ್ತು. "ಅವಳ ಡಿಪೋ ಕಾಯೋಕೆ ಒಂದು ನಾಯಿ ಬೇಕಂತೆ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬರ್ತಾಳೆ."

"ಹತ್ತೀನಾ?"

"ಇನ್ನೆಷ್ಟು ನಾಯಿ ಇದೆ ಮನೇಲಿ?"

"ಅದಕ್ಕೆ ನಿನ್ನ ಬಿಟ್ಟಿರೋಕಾಗಲ್ಲ ಕಣೇ. ನೀನು ಬಚ್ಚಲಿಗೆ ಹೋದ್ರೇ ಬಾಗಿಲಲ್ಲಿ ಕೂತಿರತ್ತೆ."

"ಗೊತ್ತು ಕಣ್ರೀ ನನಗೆ!" ಎಂದು ಅವಳು ತಿರುಗಿದಳು. ಕಣ್ಣು ಕೆಂಪಾಗಿತ್ತು. "ಚೀಲದಲ್ಲಿ ಹೊತ್ಕೊಂಡು ಬಂದೋಳು ನಾನು. ನನಗೆ ಹೇಳ್ಬೇಡಿ. ಇಷ್ಟು ವರ್ಷ ಹೊಲಿದು ಈಗ ಒಂದು ಗುರುತು ಅಂತ ಆಗಿದೆ. ಅದರ ಪಕ್ಕದಲ್ಲೇ ಹೋಗಿ ಕೂತ್ಕೊಂಡಿದೆ ಇದರ ಕೂದಲು. ನಾನೇನು ಮಾಡ್ಲಿ?"

ಕೋಟೂ ಬೇಕು, ನಾಯಿಯೂ ಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಂಥ ಹೊತ್ತಿನಲ್ಲಿ ಬೇರೆ ಗಂಡಂದಿರು ಹೆಂಡತಿಯ ಹೆಗಲ ಮೇಲೆ ಕೈಯಿಡುತ್ತಾರೆ. ಕತ್ತರಿಯಣ್ಣ ಮೀಸೆಯ ಮೇಲೆ ಕೈಯಿಟ್ಟ.

"ಕೂದಲು ನನ್ನ ಕಸುಬು. ಅಷ್ಟರೊಳಗೆ ಸರಿ ಮಾಡ್ತೀನಿ. ಅತ್ತಿಗೆ ಬಂದ ದಿನ ನಿನ್ನ ಕಪ್ಪು ಬಟ್ಟೆ ಮೇಲೆ ಒಂದೇ ಒಂದು ಬಿಳಿ ಕೂದಲು ಕಂಡ್ರೂ, ನಾನೇ ಹಗ್ಗ ಕಟ್ಟಿ ಕೊಡ್ತೀನಿ."

"ಮೆಷಿನ್ ಮುಟ್ಟಿದ್ರೆ ನೋಡಿ ಮತ್ತೆ!"

"ಮುಟ್ಟಲ್ಲ. ಆಣೆ."

ಮಾರನೆಯ ದಿನವೇ ಅಗಲ ಹಲ್ಲಿನ ಬಾಚಣಿಗೆ ಕೊಂಡುಬಂದ. ಪಶುವೈದ್ಯೆ ಹೇಳಿದ್ದಳಲ್ಲ, ಬಾಚಿ ಎಂದು. ನಡುಮನೆಯಲ್ಲಿ ಹತ್ತಿಯನ್ನು ನಿಲ್ಲಿಸಿದ. ಸೆಕೆಯೆಂದು ಫ್ಯಾನನ್ನು ಜೋರಾಗಿ ಹಾಕಿದ. ಬಾಚತೊಡಗಿದ ನೋಡಿ, ಎಳೆದಷ್ಟೂ ಬಂತು! ಹಿಡಿ ಹಿಡಿ ಬಂತು. ಅವನಿಗೆ ಆನಂದವೋ ಆನಂದ. ಬೆವರು ಒರೆಸಿಕೊಳ್ಳಲೆಂದು ತಲೆಯೆತ್ತಿದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಎಷ್ಟು ಬಂತು ನೋಡೇ!" ಎಂದ.

"ಎಲ್ಲಿಗೆ ಬಂತು ನೋಡ್ರೀ," ಎಂದಳು ಅವಳು.

ನೋಡಿದ. ಫ್ಯಾನಿನ ಗಾಳಿಗೆ ಬಿಳಿ ನೂಲುಗಳು ತೇಲುತ್ತ ಕೋಣೆಯಿಂದ ಕೋಣೆಗೆ ಹೊರಟಿದ್ದವು. ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದ್ದ ಕಪ್ಪು ಕೋಟು ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳು ಕೋಟನ್ನು ತೆಗೆದುಕೊಂಡು ಕಿಟಕಿಯ ಬಳಿ ಕೂತು ಒಂದೊಂದೇ ಕೂದಲು ಆರಿಸತೊಡಗಿದಳು. ಹತ್ತಿ ಸಹಾಯ ಮಾಡಲೆಂದು ಅವಳ ಮಡಿಲಿಗೆ ತಲೆಯಿಟ್ಟಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ಇಲ್ಲಿ ಮಾಡಿದವನು ಒಬ್ಬ, ಉಣ್ಣುವವಳು ಇನ್ನೊಬ್ಬಳು.

ಮರುದಿನ ಅಂಗಡಿಯಲ್ಲಿ ಕತ್ತರಿಯಣ್ಣ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದ. ಯಾರ ದಿಂಬಿನ ವಿಷಯವನ್ನೂ ಎತ್ತಲಿಲ್ಲ. ಇದು ಮೇಷ್ಟ್ರ ಗಮನಕ್ಕೆ ಬಾರದೆ ಇರುತ್ತದೆಯೆ?

"ಏನಯ್ಯ, ಬಾಯಿಗೆ ಬೀಗ ಹಾಕ್ಕೊಂಡಿದೀಯ?"

"ಏನು ಮಾಡಿದ್ರೂ ಉದುರೋದು ನಿಲ್ತಾ ಇಲ್ಲ ಮೇಷ್ಟ್ರೇ," ಎಂದು ಕತ್ತರಿಯಣ್ಣ ಕಥೆಯನ್ನೆಲ್ಲ ಹೇಳಿದ.

ಮೇಷ್ಟ್ರು ಪತ್ರಿಕೆ ಮಡಚಿ, ತಮ್ಮ ನುಣ್ಣನೆಯ ತಲೆಯ ಮೇಲೆ ಅಂಗೈಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದರು. "ನನ್ನ ಎದುರಿಗೆ ನಿಂತು ಈ ಮಾತು ಆಡ್ತೀಯಲ್ಲ, ನಿನಗೆ ಕರುಣೆ ಇದೆಯೇನಯ್ಯ? ಉದುರೋದನ್ನ ನಿಲ್ಲಿಸಿದ ಮಹಾನುಭಾವ ಯಾರಾದ್ರೂ ಇದ್ರೆ ತೋರಿಸು, ನಾನೇ ಹೋಗಿ ಕಾಲಿಗೆ ಬೀಳ್ತೀನಿ."

ಕುರ್ಚಿಯಲ್ಲಿದ್ದ ಗಿರಾಕಿ ಕಿಸಕ್ಕನೆ ನಕ್ಕ. ಕತ್ತರಿಯಣ್ಣನಿಗೂ ನಗು ಬಂತು. ನಗುತ್ತಲೇ ಅವನು ದಿನವೂ ಮಾಡುವ ಹಾಗೆ ಕೈ ಚಾಚಿ ಫ್ಯಾನಿನ ಸ್ವಿಚ್ಚನ್ನು ಆರಿಸಿದ. ಬಿಳಿ ಬಟ್ಟೆಯನ್ನು ಕೊಡವಿ ಗಿರಾಕಿಯ ಕುತ್ತಿಗೆಗೆ ಕಟ್ಟಿದ. ಬಾಟಲಿಯಿಂದ ತಲೆಗೆ ನೀರು ಚಿಮುಕಿಸಿದ. ಕತ್ತರಿಯನ್ನು ಎತ್ತಿ ಅಲ್ಲೇ ನಿಂತುಬಿಟ್ಟ.

ಈ ಅಂಗಡಿಯಲ್ಲಿ ದಿನಾ ಬೀಳುವ ಕೂದಲು ಹತ್ತು ಹತ್ತಿಗಳಿಗೆ ಸಾಕಾಗುವಷ್ಟು. ಆದರೂ ಮೇಷ್ಟ್ರ ಚಹದ ಲೋಟದಲ್ಲಿ ಎಂದಾದರೂ ಒಂದು ಕೂದಲು ಬಿದ್ದದ್ದುಂಟೆ? ಗಿರಾಕಿಯ ಅಂಗಿಗೆ ಅಂಟಿದ್ದುಂಟೆ? ಇಲ್ಲ. ಏಕೆಂದರೆ ಇಲ್ಲಿ ಅವನು ಕೂದಲಿಗೆ ಬೀಳಬೇಡ ಎಂದು ಹೇಳುವುದೇ ಇಲ್ಲ. ಎಲ್ಲಿ ಬೀಳಬೇಕು, ಯಾವಾಗ ಬೀಳಬೇಕು ಎಂದು ಹೇಳುತ್ತಾನೆ. ಗಾಳಿ ನಿಲ್ಲಿಸಿ, ಒದ್ದೆ ಮಾಡಿ, ಬಟ್ಟೆ ಹೊದಿಸಿ, ಒಂದೇ ಜಾಗದಲ್ಲಿ ಬೀಳಿಸಿ, ಮುಂದಿನವನು ಕೂರುವ ಮೊದಲೇ ಗುಡಿಸಿ ತೆಗೆಯುತ್ತಾನೆ. ಕೈಗೆ ಇಷ್ಟು ವರ್ಷದಿಂದ ಗೊತ್ತಿದ್ದದ್ದು ತಲೆಗೆ ಹೊಳೆದಿರಲಿಲ್ಲ.

"ಮೇಷ್ಟ್ರೇ," ಎಂದ ಅವನು, "ನಾನು ಮನೇಲಿ ಅಂಗಡಿ ತೆಗೀತೀನಿ."

"ಅದನ್ನೇ ಊರೆಲ್ಲ ಆಗಿನಿಂದ ಹೇಳ್ತಾ ಇದೆ," ಎಂದರು ಮೇಷ್ಟ್ರು.

ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಮೂರು ಕಡೆ ಗೋಡೆಯಿದ್ದು ಗಾಳಿ ಬಾರದ ಒಂದು ಮೂಲೆಯಿತ್ತು. ಕತ್ತರಿಯಣ್ಣ ಅಂಗಡಿಯ ಹಳೆಯ ಬೆಂಚನ್ನು ಅಲ್ಲಿಗೆ ತಂದಿಟ್ಟ. ಮೇಲೊಂದು ಬಟ್ಟೆ ಹಾಸಿದ. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಏಪ್ರನ್ ಕಟ್ಟಿಕೊಂಡು ಬಂದು, "ಬನ್ನಿ ಸಾರ್, ಕೂತ್ಕೊಳ್ಳಿ," ಎಂದು ಕರೆದ.

ಏಪ್ರನ್ ಕಂಡದ್ದೇ ತಡ, ಹತ್ತಿ ಮಂಚದ ಕೆಳಗೆ ಸೇರಿತು. ಹೋದ ವರ್ಷದ ಬೇಸಿಗೆ ಕಟಿಂಗ್ ಅದಕ್ಕೆ ನೆನಪಿತ್ತು. ಕತ್ತರಿಯಣ್ಣನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವನ ಕುರ್ಚಿಯಿಂದ ಯಾವ ಗಿರಾಕಿಯೂ ಓಡಿಹೋದದ್ದಿಲ್ಲ. ಅವನು ಏಪ್ರನ್ ಬಿಚ್ಚಿ, ಮಂಚದ ಪಕ್ಕ ನೆಲದ ಮೇಲೆ ಕೂತು, ಎರಡೂ ಅಂಗೈಗಳನ್ನು ಬಿಚ್ಚಿ ತೋರಿಸಿದ. "ಮೆಷಿನ್ ಇಲ್ಲ ಕಣೋ. ನೋಡು, ಬರೀ ಬಾಚಣಿಗೆ. ಮೂಸಿ ನೋಡು." ಹತ್ತಿ ಸ್ವಲ್ಪ ಹೊತ್ತು ಯೋಚಿಸಿ ಮೂಗನ್ನು ಮಾತ್ರ ಹೊರಗೆ ತಂದಿತು. ಆ ದಿನ ಅವನು ಅದರ ಕಿವಿಯ ಹಿಂದೆ, ಅದಕ್ಕೆ ಇಷ್ಟವಾದ ಜಾಗದಲ್ಲಿ, ಒಂದಿಷ್ಟು ಬಾಚಿ ಬಿಟ್ಟುಬಿಟ್ಟ. ಮರುದಿನ ಕುತ್ತಿಗೆಯವರೆಗೆ ಹೋದ. ಅದರ ಮರುದಿನ ಹತ್ತಿ ತಾನೇ ಬೆಂಚು ಹತ್ತಿ ನಿಂತಿತು.

ಆಮೇಲೆ ನೋಡಬೇಕಿತ್ತು ಕತ್ತರಿಯಣ್ಣನ ಠೀವಿಯನ್ನು. ಕೂದಲನ್ನು ಎಡಗೈಯಿಂದ ಎತ್ತಿ ಹಿಡಿದು, ಬುಡಕ್ಕೆ ನೀರಿನ ಮಂಜು ಬಿಟ್ಟು, ಬಲಗೈಯಲ್ಲಿ ಒಂದೊಂದೇ ಗೆರೆಯಾಗಿ ಬಾಚುತ್ತಿದ್ದ. ಬಿಡಲು ಸಿದ್ಧವಾದದ್ದು ತಾನಾಗಿ ಬರುತ್ತಿತ್ತು, ಬಾರದ್ದನ್ನು ಅವನು ಎಳೆಯುತ್ತಿರಲಿಲ್ಲ. ತೊಡೆಯ ಹಿಂದೆ ಒಳಗಿನ ಕೂದಲು ಗಂಟುಗಂಟಾಗಿ ಕೂತಿತ್ತು. ಅದನ್ನು ಬೆರಳಿನಿಂದ ಬಿಡಿಸಿ ಆಮೇಲೆ ಬಾಚಿದ. ಬಾಚಿ ಮುಗಿದ ಮೇಲಷ್ಟೇ ಸ್ನಾನ. ಮೊದಲೇ ನೀರು ಹಾಕಿದರೆ ಗಂಟು ಇನ್ನೂ ಬಿಗಿಯುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಂಚಿನ ಕೆಳಗೆ ಬಿದ್ದ ರಾಶಿಯನ್ನು ಕಂಡು ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಕೇಳಿದಳು: "ಇರೋದು ಒಂದೇ ನಾಯಿ ತಾನೇ?"

"ಸದ್ಯಕ್ಕೆ ಒಂದೇ ಅಜ್ಜಿ," ಎಂದ ಅವನು. "ಇನ್ನೊಂದನ್ನ ಚೀಲಕ್ಕೆ ತುಂಬ್ತಾ ಇದೀನಿ."

ಮನೆಯೊಳಗೂ ಅಂಗಡಿಯ ಕಾನೂನು ಬಂತು. ಒಣ ಪೊರಕೆಗೆ ರಜೆ, ಒದ್ದೆ ಬಟ್ಟೆಯಲ್ಲಿ ಒರೆಸುವವರೆಗೆ ಫ್ಯಾನ್ ಹಾಕುವ ಹಾಗಿಲ್ಲ. ಪಾತ್ರೆ ತೊಳೆಯುವ ರಬ್ಬರ್ ಕೈಗವಸನ್ನು ಒದ್ದೆ ಮಾಡಿಕೊಂಡು ಕುರ್ಚಿಯ ಮೇಲೆ ಎಳೆದರೆ ಕೂದಲೆಲ್ಲ ಉಂಡೆಯಾಗಿ ಬರುತ್ತದೆ ಎಂದು ಕಂಡುಹಿಡಿದ ದಿನ ಅವನು ಕೈಗವಸು ತೊಟ್ಟೇ ಚಹ ಕುಡಿದ. ಹತ್ತಿಗೆ ಮಲಗಲು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಒಂದೇ ಜಾಗ, ಒಂದೇ ಹಾಸು. ಆ ಹಾಸನ್ನು ಹೆಂಡತಿಯೇ ಹಳೆಯ ಹೊದಿಕೆಯಿಂದ ಹೊಲಿದುಕೊಟ್ಟಳು. ಕೊಡುವಾಗ ಮುಖ ಬಿಗಿದುಕೊಂಡೇ ಇದ್ದಳು, ಆದರೆ ಅಂಚಿಗೆ ಎರಡು ಸುತ್ತು ಹೊಲಿಗೆ ಹಾಕಿದ್ದಳು. ಬೇಗ ಹರಿಯದಿರಲಿ ಎಂದು ತಾನೇ ಎರಡು ಸುತ್ತು ಹಾಕುವುದು? ಕತ್ತರಿಯಣ್ಣ ಅದನ್ನು ಗಮನಿಸಿದ, ಬಾಯಿ ಬಿಡಲಿಲ್ಲ. ಅವನ ಮಟ್ಟಿಗೆ ಅದು ದೊಡ್ಡ ಸಾಧನೆ.

ಅವಳೂ ಒಂದು ಕಾನೂನು ಮಾಡಿದಳು. ಹಿತ್ತಲಿಂದ ಬಂದವನು ಅಂಗಿ ಬದಲಿಸದೆ ಮುಂದಿನ ಕೋಣೆಗೆ ಕಾಲಿಡಬಾರದು. ಅಂಗಡಿಯಿಂದ ಬಂದಾಗಲೂ ಅಷ್ಟೇ. "ಮನೇದು ಸಾಲದು ಅಂತ ಊರವರದ್ದೂ ತರ್ತೀರ," ಎಂದಳು. ಬೆಳಗಿನ ಹೊತ್ತು ಅಸ್ತರು, ಜೇಬು ಹೊಲಿದುಕೊಂಡು, ನೆಲ ಒರೆಸಿ ಆದ ಮೇಲಷ್ಟೇ ಕಪ್ಪು ಬಟ್ಟೆಯನ್ನು ಹೊರಗೆ ತೆಗೆಯುತ್ತಿದ್ದಳು. ಹೊಲಿದ ಕೋಟನ್ನು ಗೂಟಕ್ಕೆ ಹಾಕದೆ ಕೂಡಲೇ ಚೀಲಕ್ಕೆ ಸೇರಿಸುತ್ತಿದ್ದಳು. ಮಾತು ಇನ್ನೂ ಕಡಿಮೆಯೇ. ಆದರೆ ಒಂದು ಬೆಳಿಗ್ಗೆ ಅವನು ಬಾಚುತ್ತಿದ್ದಾಗ ಅವಳು ಹಿತ್ತಲ ಬಾಗಿಲಿಗೆ ಒರಗಿ ನಿಂತು ಬಹಳ ಹೊತ್ತು ನೋಡಿದಳು. ಹತ್ತಿ ಕಣ್ಣು ಮುಚ್ಚಿ, ನಾಲಿಗೆಯ ತುದಿ ಹೊರಗೆ ಹಾಕಿ, ನಿಂತಲ್ಲೇ ತೂಕಡಿಸುತ್ತಿತ್ತು.

"ಪುಣ್ಯ ಮಾಡಿದೆ," ಎಂದಳು. ಯಾರಿಗೆ ಹೇಳಿದಳೆಂದು ಕತ್ತರಿಯಣ್ಣನಿಗೆ ತಿಳಿಯಲಿಲ್ಲ.

ಮಾತು ಕೊಟ್ಟ ಭಾನುವಾರ ಬಂತು. ಹಿಂದಿನ ದಿನ ಬೆಳಿಗ್ಗೆಯೇ ಅವಳು ಪರೀಕ್ಷೆಗೆಂದು ಕಪ್ಪು ಬಟ್ಟೆಯ ಉದ್ದನೆಯ ತುಂಡೊಂದನ್ನು ಮುಂದಿನ ಕೋಣೆಯ ಮೇಜಿನ ಮೇಲೆ ಹಾಸಿದ್ದಳು. ಹತ್ತಿ ಎಂದಿನ ಹಾಗೆ ಅದರ ಕೆಳಗೇ ಮಲಗಿತ್ತು, ಎಂದಿನ ಹಾಗೆ ಎದ್ದು ಮೈ ಕೊಡವಿತ್ತು. ಕತ್ತರಿಯಣ್ಣ ಬಟ್ಟೆಯತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. "ನೋಡೋದೇನಿದೆ? ಇರಲ್ಲ," ಎಂದು ಹೇಳಿಕೊಂಡು ಓಡಾಡಿದ್ದ. ಆದರೆ ಭಾನುವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ, ಜೀವಮಾನದಲ್ಲಿ ಮೊದಲ ಸಲ, ಗಲ್ಲ ಕೊಯ್ದುಕೊಂಡ.

ಅಕ್ಕ ಬಂದಳು. ಬರುವ ಮೊದಲು ಅವಳ ದನಿ ಬಂತು. ಹೆಗಲಲ್ಲಿ ಚೀಲ, ಒಂದು ಕೈಯಲ್ಲಿ ಹೊಸ ಹಗ್ಗ, ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. "ಎಲ್ಲಿ ನಮ್ಮ ವಾಚ್‌ಮನ್?" ಎನ್ನುತ್ತ ಒಳಗೆ ಬಂದಳು. ಹತ್ತಿ ಬಿಸ್ಕತ್ತು ತಿಂದು, ಹಗ್ಗವನ್ನು ಮೂಸಿ, ಹೋಗಿ ತಂಗಿಯ ಕಾಲ ಹಿಂದೆ ಕೂತಿತು.

"ಮೊದಲು ಬಟ್ಟೆ ನೋಡೋಣ ಅತ್ತಿಗೆ," ಎಂದ ಕತ್ತರಿಯಣ್ಣ. ಗಲ್ಲದ ಗಾಯಕ್ಕೆ ಅಂಟಿಸಿದ್ದ ಅರಳೆಯ ಚೂರನ್ನು ತೆಗೆದು ಎಸೆದ.

ಮೂವರೂ ಮೇಜಿನ ಸುತ್ತ ಬಗ್ಗಿದರು. ಕಿಟಕಿಯ ಬೆಳಕು ನೇರವಾಗಿ ಬೀಳುತ್ತಿತ್ತು. ಈ ತುದಿಯಿಂದ ಬಟ್ಟೆ ಕಪ್ಪಗೆ, ತೊಳೆದ ಹಲಗೆಯ ಹಾಗಿತ್ತು. ನಡುವೆಯೂ ಏನಿಲ್ಲ. ಕತ್ತರಿಯಣ್ಣನ ಎದೆ ಉಬ್ಬತೊಡಗಿತು. ಹೆಂಡತಿ ಆ ತುದಿಯ ಮಡಿಕೆಯನ್ನು ಬಿಡಿಸಿದಳು, ಬಿಡಿಸಿ ಹಾಗೇ ನಿಂತಳು.

ಒಂದು ಬಿಳಿ ಕೂದಲು. ಒಂದೇ ಒಂದು.

ಅಕ್ಕನಂಥ ಅಕ್ಕನೂ ಮಾತಾಡಲಿಲ್ಲ. ಹೆಂಡತಿಯ ಕೈ ಕೆಳಗೆ ಇಳಿದು ಹತ್ತಿಯ ತಲೆಯನ್ನು ಹುಡುಕಿತು. ಕತ್ತರಿಯಣ್ಣನಿಗೆ ಆಡಿದ ಮಾತು ಗಂಟಲಲ್ಲಿ ಬಿಸಿ ತುಪ್ಪದ ಹಾಗೆ ಕೂತಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅವನು ಬೆರಳ ತುದಿಯಿಂದ ಆ ಕೂದಲನ್ನು ಎತ್ತಿ, ಬಾಗಿಲ ಕಡೆಗೆ ಎರಡು ಹೆಜ್ಜೆ ನಡೆದ. ಅಷ್ಟರಲ್ಲಿ ಅವನ ಬೆರಳುಗಳು, ಅವನನ್ನು ಕೇಳದೆಯೇ, ಅಭ್ಯಾಸದಿಂದ ಕೂದಲನ್ನು ಹೊಸೆದು ನೋಡಿದವು. ಅವನು ನಿಂತ. ತಿರುಗಿ ಕಿಟಕಿಗೆ ಬಂದು ಅದನ್ನು ಬೆಳಕಿಗೆ ಹಿಡಿದ.

"ಇದು ಹತ್ತೀದಲ್ಲ," ಎಂದ.

"ಸುಮ್ನಿರಿ," ಎಂದಳು ಹೆಂಡತಿ. "ಇಷ್ಟು ಮಾಡಿದ್ರಲ್ಲ, ಸಾಕು. ಈಗ ಸುಳ್ಳು ಹೇಳ್ಬೇಡಿ."

"ಕೂದಲ ವಿಷಯದಲ್ಲಿ ನಾನು ಸುಳ್ಳು ಹೇಳಿದೀನಾ? ಹತ್ತಿ ಮೇಲ್ಗೂದಲು ಗಿಡ್ಡ, ಒರಟು. ಒಳಗಿಂದು ಸುಕ್ಕುಸುಕ್ಕು. ಇದನ್ನ ನೋಡು, ಮೊಳ ಉದ್ದ ಇದೆ, ನುಣ್ಣಗಿದೆ. ಬುಡ ಬಿಳಿ. ತುದಿ ಕಪ್ಪು. ಹತ್ತಿ ಮೈಮೇಲೆ ಕಪ್ಪು ಎಲ್ಲಿದೆ, ಹುಡುಕಿ ತೋರಿಸು."

ಅಕ್ಕ ಕೂದಲನ್ನು ನೋಡಿದಳು. ಆಮೇಲೆ ತಂಗಿಯನ್ನು ನೋಡಿದಳು. ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ತಂಗಿಯ ಕೈ ಮೆಲ್ಲಗೆ ತನ್ನ ತಲೆಗೆ ಹೋಯಿತು.

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಳ್ಳಲ್ಲ. ಈ ಊರಿನಲ್ಲಿ ಯಾರ ತಲೆ ಎಂದಿನಿಂದ ನರೆಯಿತು, ಯಾರು ಬಣ್ಣ ಹಚ್ಚುತ್ತಾರೆ, ಯಾರು ಹಚ್ಚುವುದಿಲ್ಲ ಎಂದು ಹೇಳುತ್ತ ಹಚ್ಚುತ್ತಾರೆ, ಎಲ್ಲವೂ ಕತ್ತರಿಯಣ್ಣನಿಗೆ ಗೊತ್ತು. ಬೈತಲೆಯ ಎರಡೂ ಕಡೆ, ಕಿಟಕಿಯ ಬೆಳಕಿನಲ್ಲಿ, ಹೆಂಡತಿಯ ಕೂದಲು ಇಷ್ಟೊಂದು ಬೆಳ್ಳಗಾದದ್ದು ಅವನಿಗೆ ಗೊತ್ತಿರಲಿಲ್ಲ. ಆ ಕಿಟಕಿಯ ಪಕ್ಕದಲ್ಲೇ ಅವಳು ದಿನವೂ ತಲೆ ಬಗ್ಗಿಸಿ ಕೂತಿದ್ದಳು. ಅವನು ದಿನವೂ ಅದೇ ಬಾಗಿಲಿನಿಂದ ಹೋಗಿ ಬರುತ್ತಿದ್ದ. ಅವನಿಗೆ ನಾಚಿಕೆಯಾಯಿತು, ದುಃಖವೂ ಆಯಿತು, ಅವಳ ಮೇಲೆ ಎಲ್ಲಿಲ್ಲದ ಅಕ್ಕರೆಯೂ ಉಕ್ಕಿತು.

"ಸರಿ ಮತ್ತೆ," ಎಂದಳು ಹೆಂಡತಿ. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು. "ಒಂದೇ ಒಂದು ಬಿಳಿ ಕೂದಲು ಕಂಡ್ರೂ ಹಗ್ಗ ಕಟ್ಟಿ ಕೊಡ್ತೀನಿ ಅಂದಿದ್ರಲ್ಲ. ಕಟ್ಟಿ. ಡಿಪೋ ಕಾಯೋಕೆ ನಾನೇ ಹೋಗ್ತೀನಿ."

"ಬೇಡಮ್ಮ ತಾಯಿ," ಎಂದಳು ಅಕ್ಕ, ಹಗ್ಗವನ್ನು ಸುತ್ತಿ ಚೀಲಕ್ಕೆ ತುರುಕುತ್ತ. "ಬಿಸ್ಕತ್ತಿಗೆಲ್ಲ ಸುಮ್ಮನಾಗೋಳಲ್ಲ ನೀನು. ನನಗೆ ಚಹ ಕೊಡು, ನಾನು ಬೇರೆ ನಾಯಿ ನೋಡ್ಕೋತೀನಿ."

ಚಹ ಬಂತು. ಅದರ ಜೊತೆ ಮಾತೂ ಬಂತು, ಇಷ್ಟು ದಿನ ಕೂಡಿಟ್ಟದ್ದೆಲ್ಲ ಒಟ್ಟಿಗೇ ಬಂತು. ಕತ್ತರಿಯಣ್ಣ ಒಂದಕ್ಕೂ ಅಡ್ಡ ಬಾರದೆ ಕೇಳಿಸಿಕೊಂಡ.

ಮರುದಿನ ಬೆಳಿಗ್ಗೆ ಹತ್ತಿಯ ಸರದಿ ಮುಗಿದು ಅದು ಬೆಂಚಿನಿಂದ ಹಾರಿತು. ಕತ್ತರಿಯಣ್ಣ ಕೆಳಗಿನ ರಾಶಿಯನ್ನು ಚೀಲಕ್ಕೆ ತುಂಬಿ, ಹಾಸಿದ ಬಟ್ಟೆಯನ್ನು ಕೊಡವಿ, ತಿರುಗಿ ನೋಡಿದರೆ ಹೆಂಡತಿ ಬೆಂಚಿನ ಮೇಲೆ ಕೂತಿದ್ದಳು. ಬೆನ್ನು ಅವನ ಕಡೆಗಿತ್ತು. ಮುಡಿ ಬಿಚ್ಚಿತ್ತು.

"ಮೆಷಿನ್ ಬೇಡ," ಎಂದಳು. "ಬಾಚಿದ್ರೆ ಸಾಕು."

ಕತ್ತರಿಯಣ್ಣ ಒಳಗೆ ಹೋಗಿ, ಕೈ ತೊಳೆದು, ಒಗೆದಿಟ್ಟ ಬಿಳಿ ಬಟ್ಟೆಯನ್ನೂ ಹೊಸ ಬಾಚಣಿಗೆಯನ್ನೂ ತಂದ. ಅಂದು ಅವನು ಅಂಗಡಿಯನ್ನು ತಡವಾಗಿ ತೆರೆದ.